ಗಾಜಿನ ಇನ್ನೊಂದು ತುದಿ

ತಮ್ಮ ಮತ್ತೆ ಅಂಗಡಿಗೆ ಬಂದ ಮೊದಲ ದಿನ ಅಕ್ಕ ಅವನಿಗೆ ಸಣ್ಣ ಗಾಜುಗಳ ಅಂಚು ಒರೆಸುವ ಕೆಲಸವನ್ನಷ್ಟೇ ಕೊಟ್ಟಳು. ಅವಳು ಊಟ ಮುಗಿಸಿ ಬರುವಷ್ಟರಲ್ಲಿ ಒರೆಸುವ ಬಟ್ಟೆ ಮೇಜಿನ ಮೇಲೆ ಬಿದ್ದಿತ್ತು. ಅವನು ಭಾವನ ಜೊತೆ ಸೇರಿ ಬಾಗಿಲಗಲದ ಹಾಳೆಯೊಂದನ್ನು ವ್ಯಾನಿಗೆ ಏರಿಸುತ್ತಿದ್ದ.

"ಡಾಕ್ಟ್ರು ಏನಂದಿದ್ರೋ? ಹಗುರದ ಕೆಲಸ ಅಂದಿದ್ರು!"

"ಗಾಜಿನ ಅಂಗಡೀಲಿ ಇದೇ ಹಗುರದ್ದು ಕಣಕ್ಕ. ಭಾರದ್ದು ಅಂದ್ರೆ ನಿನ್ನ ಮಾತು ಕೇಳೋದು."

ಭಾವ, ಅಂದರೆ ಅವಳ ಗಂಡ, ಹಾಳೆಯ ಆಚೆ ತುದಿಯಿಂದ ನಕ್ಕ. "ಅವನ ಮೈಯಲ್ಲೀಗ ಹರೀತಿರೋದು ನಿನ್ನ ರಕ್ತಾನೇ ಅಲ್ವೇನೇ? ಇನ್ನು ಹೇಳಿದ ಮಾತು ಎಲ್ಲಿ ಕೇಳ್ತಾನೆ! ಮೊದಲು ಮನೇಲಿ ಒಬ್ಬಳಿದ್ದಳು, ಈಗ ಅಂಗಡೀಲೂ ಒಬ್ಬಳು ಸಿಕ್ಕಿದಳು ನನಗೆ."

ತಮಾಷೆಯಾದರೂ ಹೇಳಿದ್ದು ನಿಜವೇ. ರಕ್ತದ ಕ್ಯಾನ್ಸರ್ ಬಂದಾಗ ವೈದ್ಯರು ತಮ್ಮನ ಅಸ್ಥಿಮಜ್ಜೆಯನ್ನು ಔಷಧಿ ಕೊಟ್ಟು ಪೂರ್ತಿ ಅಳಿಸಿದ್ದರು. ಆಮೇಲೆ ಅಕ್ಕನ ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯನ್ನು ಚೀಲದಲ್ಲಿ ತೂಗುಹಾಕಿ ಅವನ ರಕ್ತನಾಳಕ್ಕೆ ಹರಿಸಿದ್ದರು. ಅದರೊಳಗಿನ ಕೋಶಗಳು ಯಾರೂ ದಾರಿ ತೋರಿಸದೆ ಅವನ ಮೂಳೆಗಳನ್ನು ಹುಡುಕಿಕೊಂಡು ಹೋಗಿ ನೆಲೆಸಿದವು, ರಕ್ತ ತಯಾರಿಸತೊಡಗಿದವು. ಕೆಲವು ತಿಂಗಳಲ್ಲಿ ಅವನ ರಕ್ತದ ಗುಂಪು ಬದಲಾಗಿ ಅವಳದೇ ಆಯಿತು.

ಮಜ್ಜೆಯ ಜೊತೆಗೆ ಅವಳ ರೋಗನಿರೋಧಕ ಕೋಶಗಳೂ ಹೋಗಿದ್ದವು. ಹೋಗಲೇಬೇಕಿತ್ತು. ಔಷಧಿಯ ಕಣ್ಣು ತಪ್ಪಿಸಿ ಎಲ್ಲಾದರೂ ಒಂದೆರಡು ಕ್ಯಾನ್ಸರ್ ಕೋಶ ಉಳಿದಿದ್ದರೆ ಅವನ್ನು ಹುಡುಕಿ ಮುಗಿಸುವ ಕೆಲಸ ಅವುಗಳದು. ಅದರಲ್ಲಿ ಒಂದು ತೊಡಕಿದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. "ಈ ಕೋಶಗಳಿಗೆ ಇವರ ಮೈ ಪರಸ್ಥಳ. ಚರ್ಮ, ಕರುಳು, ಯಾವುದನ್ನ ಬೇಕಾದ್ರೂ ಶತ್ರು ಅಂದ್ಕೋಬಹುದು. ಅದರಲ್ಲೂ ಮಕ್ಕಳನ್ನ ಹೆತ್ತ ಹೆಣ್ಣಿನ ಕೋಶಗಳು ಗಂಡಸಿನ ಮೈಯಲ್ಲಿ ಸ್ವಲ್ಪ ಹೆಚ್ಚೇ ಜಗಳ ತೆಗೀತವೆ." ಅಕ್ಕ ಇಬ್ಬರನ್ನು ಹೆತ್ತವಳು. ಆದರೆ ಹೊಂದಿಕೆಯಾಗುವ ಇನ್ನೊಬ್ಬರು ಸಿಕ್ಕಿರಲಿಲ್ಲ. ಹಾಗಾಗಿ ಆ ಕೋಶಗಳನ್ನು ಮಂಪರಿನಲ್ಲಿಡುವ ಮಾತ್ರೆಯೊಂದನ್ನು ತಮ್ಮ ದಿನವೂ ನುಂಗುತ್ತಿದ್ದ. ವರ್ಷ ದಾಟಿದ ಮೇಲೆ ಡಾಕ್ಟರಮ್ಮ ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸತೊಡಗಿದ್ದರು. ಅವನು ಕೆಲಸಕ್ಕೆ ಬಂದದ್ದೂ ಅದೇ ಹೊತ್ತಿಗೆ.

ಅಂಗಡಿ ಅವರ ಅಪ್ಪನದು. ಗಾಜು ಹೊರುವ ರೀತಿಯೂ ಅಪ್ಪ ಹಾಕಿಕೊಟ್ಟದ್ದೇ. ಗಾಜನ್ನು ಮಲಗಿಸಿ ಹೊರುವಂತಿಲ್ಲ, ಅಂಚಿನ ಮೇಲೆ ನಿಲ್ಲಿಸಿಯೇ ಒಯ್ಯಬೇಕು. ಕೈ ಜಾರಿದರೆ ಹಿಡಿಯಲು ಹೋಗಬಾರದು, ಬಿಟ್ಟು ಹಿಂದಕ್ಕೆ ಹಾರಬೇಕು. ಗಾಜು ಇನ್ನೊಂದು ಬರುತ್ತದೆ, ಕಾಲಿನ ನರ ಬರುವುದಿಲ್ಲ. ಇವು ಯಾವ ಗಾಜಿನ ಅಂಗಡಿಯಲ್ಲೂ ಇರುವ ನಿಯಮಗಳು. ಅಪ್ಪ ತಾನಾಗಿ ಸೇರಿಸಿದ್ದು ಇನ್ನೊಂದಿತ್ತು: ಜೊತೆಗಾರನ ಕೈ ಸೋತರೆ ಅದನ್ನು ಬಾಯಿಬಿಟ್ಟು ಹೇಳಬಾರದು. ಮೆಟ್ಟಿಲ ಮೇಲೆ ನಿಂತು 'ಸರಿಯಾಗಿ ಹಿಡಿಯೋ' ಎಂದರೆ ಗಾಜಿಗಿಂತ ಮೊದಲು ಗಿರಾಕಿಯ ಎದೆ ಒಡೆಯುತ್ತದೆ. ಸೋತವನ ಪಾಲನ್ನು ತನ್ನ ಕಡೆಗೆ ಎಳೆದುಕೊಂಡು ಸುಮ್ಮನೆ ನಡೆಯಬೇಕು. ಅಂಗಡಿಗೆ ಮರಳಿದ ಮೇಲೂ ಅದರ ಮಾತೆತ್ತಬಾರದು.

ಮದುವೆಯಾಗಿ ಬಂದ ಮೇಲೆ ಈ ಕೆಲಸ ಕಲಿತ ಭಾವ ಇದೊಂದರಲ್ಲಿ ಮಾವನನ್ನೂ ಮೀರಿಸಿದ್ದ.

ತಮ್ಮನಿಗೆ ಮೊದಲು ತೊಡೆ ನೋವು ಬಂತು. "ಆಸ್ಪತ್ರೇಲಿ ಮಲಗಿ ಮಲಗಿ ಮೈಗೆ ತುಕ್ಕು ಹಿಡಿದಿದೆ. ನಾಲ್ಕು ಹಾಳೆ ಹೊತ್ತರೆ ತಾನೇ ಉದುರುತ್ತೆ," ಎಂದ ಭಾವ. ತಮ್ಮನಿಗೂ ಅದೇ ಸರಿಯೆನ್ನಿಸಿತು. ಆ ಕೆಲಸದಲ್ಲಿ ನೋವಿಗೆ ಮದ್ದು ಎಂದರೆ ಮರುದಿನದ ಕೆಲಸವೇ.

ನೋವು ತೋಳಿಗೂ ಬಂತು. ಭಾವ ಕೇಳದೆಯೇ ಮೆಟ್ಟಿಲು ಹತ್ತುವಾಗ ಕೆಳಗಿನ ತುದಿಗೆ ಹೋದ. ಭಾರ ಬೀಳುವುದು ಅಲ್ಲಿ. ಇಬ್ಬರೂ ಬರಿಗೈಯಲ್ಲಿ ಹೊರುತ್ತಿದ್ದ ಹಾಳೆಗಳಿಗೆ ಈಗ ರಬ್ಬರಿನ ಹಿಡಿಕೆ ಬಂತು. ಮೇಲಿನ ಗೂಡಿನಲ್ಲಿದ್ದ ಹಾಳೆಗಳು ಕೆಳಗಿನ ಗೂಡಿಗೆ ಇಳಿದವು. ಲಿಫ್ಟ್ ಇಲ್ಲದ ಕಟ್ಟಡದ ಕೆಲಸ ಬಂದರೆ ಭಾವ ಅಕ್ಕನಿಗೆ, "ಆ ಗಿರಾಕಿ ಬೇಡ ಅಂದ," ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದ. ವ್ಯಾನಿನ ಸೀಟಿನಿಂದ ಇಳಿಯಲು ತಮ್ಮ ತಡವರಿಸಿದಾಗ ಮರುದಿನ ಅಲ್ಲಿಗೆ ಎರಡು ದಿಂಬು ಬಂದವು. ಇಬ್ಬರಲ್ಲಿ ಯಾರೂ ಇದರ ಬಗ್ಗೆ ಒಂದಕ್ಷರ ಆಡಲಿಲ್ಲ.

ಆ ಬಾರಿಯ ತಪಾಸಣೆಗೆ ಅವನನ್ನು ಕರೆದೊಯ್ದದ್ದೂ ಭಾವನೇ. ಅಕ್ಕ ಅಂಗಡಿಯಲ್ಲಿ ಉಳಿದಳು.

ಡಾಕ್ಟರಮ್ಮ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. "ಕ್ಯಾನ್ಸರಿನ ಸುಳಿವಿಲ್ಲ, ಅದು ಸಮಾಧಾನ. ಆದರೆ ಎರಡು ಕಿಣ್ವ ಏರಿವೆ. ಯಕೃತ್ತಿಗೆ ತೊಂದರೆ ಆದಾಗ ಏರೋವು ಇವು. ಮೊನ್ನೆ ಶುರುಮಾಡಿದ, ಶಿಲೀಂಧ್ರದ ಸೋಂಕು ತಡೆಯೋ ಮಾತ್ರೆಯಿಂದಲೂ ಇರಬಹುದು. ಇವೇ ಕಿಣ್ವ ಸ್ನಾಯುಗಳಲ್ಲೂ ಇರ್ತವೆ. ಶಕ್ತಿ ಹೇಗಿದೆ? ಕೂತಲ್ಲಿಂದ ಏಳೋಕೆ, ಕೈ ಮೇಲೆತ್ತೋಕೆ ಕಷ್ಟ ಇದೆಯಾ?"

ತಮ್ಮ ಭಾವನ ಮುಖ ನೋಡಿದ.

"ಇವನಿಗಾ? ಮೊನ್ನೆ ತಾನೇ ಬಾಗಿಲಷ್ಟು ಗಾಜು ಹೊತ್ತಿದ್ದಾನೆ, ಡಾಕ್ಟ್ರೇ," ಎಂದ ಭಾವ.

"ಹಗುರದ ಕೆಲಸ ಅಂತ ಹೇಳಿದ್ದೆನಲ್ಲ?"

"ನಮ್ಮಲ್ಲಿ ಅದೇ ಹಗುರದ್ದು."

"ಹಾಗಾದ್ರೆ ಅದರಿಂದಲೇ ಏರಿರಬಹುದು. ಎಲ್ಲಿ, ಎದ್ದು ನಿಲ್ಲಿ ನೋಡೋಣ."

"ಏಳಪ್ಪಾ ಮಹಾರಾಜ," ಎಂದು ಭಾವ ಅವನ ಬೆನ್ನು ತಟ್ಟುತ್ತ ಕಂಕುಳಡಿಗೆ ಕೈಹಾಕಿದ. ತಮ್ಮ ಎದ್ದು ನಿಂತ. ಮೈದುನನ ಮೇಲಿನ ಸಲಿಗೆ ಎಂದುಕೊಂಡು ಡಾಕ್ಟರಮ್ಮ ನಕ್ಕು ಕಂಪ್ಯೂಟರಿನತ್ತ ತಿರುಗಿದರು. ಶಿಲೀಂಧ್ರದ ಮಾತ್ರೆ ನಿಲ್ಲಿಸಿದರು, ಭಾರ ಎತ್ತಬೇಡಿ ಎಂದರು, ಮುಂದಿನ ಸಲ ಮತ್ತೆ ರಕ್ತ ನೋಡೋಣ ಎಂದರು. ಮಂಪರಿನ ಮಾತ್ರೆಯನ್ನು ಅಂದುಕೊಂಡಂತೆ ಇನ್ನೊಂದಿಷ್ಟು ಇಳಿಸಿದರು.

ಹೊರಗೆ ಬಂದ ಮೇಲೆ ತಮ್ಮ, "ಹೇಳಬಹುದಿತ್ತೇನೋ ಭಾವಾ," ಎಂದ.

"ಹೇಳಿದ್ರೆ ಒಳಗೆ ಹಾಕ್ಕೋತಾರೆ. ಮತ್ತೆ ಆ ಮಂಚ ಬೇಕಾ ನಿನಗೆ?"

ತಮ್ಮ ವ್ಯಾನಿನತ್ತ ನಡೆದ. ಕಸಿಯ ದಿನಗಳಲ್ಲಿ ಅವನ ಪಕ್ಕದ ಮಂಚದಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ, ಬಾಯಿತುಂಬ ಮಾತಿನವನು. ಒಂದು ಸಂಜೆ ಉಸಿರಾಟ ಕೆಟ್ಟು ಅವನನ್ನು ವಾರ್ಡಿನ ಕೊನೆಯ ಎರಡು ಕದದ ಬಾಗಿಲಿನಾಚೆ ತಳ್ಳಿಕೊಂಡು ಹೋದರು. ಮರುದಿನ ಆ ಮಂಚಕ್ಕೆ ಹೊಸ ಹೊದಿಕೆ ಹಾಸಿತ್ತು. ಉಸಿರಿನ ಯಂತ್ರಗಳಿದ್ದ ಆ ಕೋಣೆಯ ಬಗ್ಗೆ ತಮ್ಮ ಆಮೇಲೆ ಎಂದೂ ಕೇಳಲಿಲ್ಲ. ಆದರೆ ಆಸ್ಪತ್ರೆಗೆ ಹೋದಾಗಲೆಲ್ಲ ಆ ಕಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ.

ಅಕ್ಕನಿಗೆ ಗೊತ್ತಾದದ್ದು ಒಂದು ಕನ್ನಡಿಯಿಂದ.

ದರ್ಜಿಯೊಬ್ಬ ಆಳೆತ್ತರದ ಕನ್ನಡಿ ಮಾಡಿಕೊಡಲು ಹೇಳಿದ್ದ. ಅಂದು ಭಾವ ಹೊಸ ಹಾಳೆಗಳನ್ನು ತರಲು ಗೋದಾಮಿಗೆ ಹೋಗಿದ್ದ. ದರ್ಜಿಯ ಗಾಡಿ ಬಂದು ಬಾಗಿಲಲ್ಲಿ ನಿಂತಿತು.

"ಭಾವ ಬರ್ಲಿ ತಡಿಯೇ," ಎಂದ ತಮ್ಮ.

"ನಿನ್ನ ಭಾವ ಈ ಅಂಗಡಿ ಮೆಟ್ಟಿಲು ಹತ್ತೋಕೆ ಮುಂಚೆ ಅಪ್ಪನ ಜೊತೆ ಹೊರ್ತಿದ್ದವಳು ನಾನು. ಹಿಡಿ, ಇಲ್ಲೇ ಬಾಗಿಲ ತನಕ ತಾನೆ."

ಅವಳು ಕೈಗವಸು ಹಾಕಿಕೊಂಡು ತನ್ನ ತುದಿ ಹಿಡಿದಳು. "ಎತ್ತು," ಎಂದಳು. ಕನ್ನಡಿ ನೆಲ ಬಿಟ್ಟಿತು.

ಇಬ್ಬರು ಹೊರುವಾಗ ಗಾಜಿನಲ್ಲಿ ಜೊತೆಗಾರನ ಕೈ ತಿಳಿಯುತ್ತದೆ. ಅವನು ಹೆಜ್ಜೆ ಬದಲಿಸಿದ್ದು, ಹಿಡಿತ ಸರಿಪಡಿಸಿಕೊಂಡದ್ದು, ಉಸಿರು ಬಿಗಿಹಿಡಿದದ್ದು, ಎಲ್ಲವೂ ಗಾಜಿನೊಳಗಿಂದ ಸಾಗಿ ಈ ಕಡೆಯ ಅಂಗೈಗೆ ಬರುತ್ತವೆ. ಅಕ್ಕ ಅದಕ್ಕಾಗಿ ಕಾದಳು. ತಮ್ಮನ ಕಡೆಯಿಂದ ಏನೂ ಬರಲಿಲ್ಲ. ಗೋಡೆಗೆ ಒರಗಿಸಿಟ್ಟ ಕನ್ನಡಿಯನ್ನು ಒಬ್ಬಳೇ ಎಳೆಯುತ್ತಿರುವ ಹಾಗಿತ್ತು. ಅವಳು ಅಭ್ಯಾಸಬಲದಿಂದ ಭಾರವನ್ನು ತನ್ನತ್ತ ಎಳೆದುಕೊಳ್ಳುತ್ತ ಹೊಸ್ತಿಲವರೆಗೆ ಬಂದಳು. ಅಲ್ಲಿ ಅವನ ತುದಿ ಜಾರಿತು.

"ಬಿಡೂ!" ಎಂದು ಕೂಗಿ ಅವಳು ಹಿಂದಕ್ಕೆ ಹಾರಿದಳು.

ಕನ್ನಡಿ ಹೊಸ್ತಿಲಿಗೆ ಬಡಿದು ಪುಡಿಯಾಯಿತು. ಹಸ್ತದಗಲದ ಒಂದು ಚೂರು ನೆಲದ ಮೇಲೆ ಜಾರುತ್ತ ಹೋಗಿ ತಮ್ಮನ ಬೂಟಿನ ಅಂಚಿಗೆ ತಾಗಿ ನಿಂತಿತು. ಅವನು ನಿಂತಲ್ಲೇ ನಿಂತಿದ್ದ.

"ಯಾಕೋ ಹಾರಲಿಲ್ಲ? ಅಪ್ಪ ಹೇಳಿದ್ದು ಮರೆತ್ಯಾ?"

ಅವನು ತನ್ನ ಕಾಲುಗಳನ್ನು ನೋಡಿಕೊಂಡ. "ಹಾರಿದೆನಲ್ಲ," ಎಂದ. ಬೂಟಿಗೆ ತಾಗಿದ್ದ ಚೂರನ್ನು ನೋಡಿ, "ಹಾರಿದೆ ಅಂದ್ಕೊಂಡೆ," ಎಂದ.

ದರ್ಜಿ ಒಡೆದ ಕನ್ನಡಿಗೆ ಲೊಚಗುಟ್ಟುತ್ತಿದ್ದ. ಅಕ್ಕ ಅವನನ್ನು ನಾಳೆ ಬಾ ಎಂದು ಕಳಿಸಿ, ತಮ್ಮನನ್ನು ಒಳಗೆ ಸ್ಟೂಲಿನ ಮೇಲೆ ಕೂರಿಸಿದಳು.

"ಏಳು."

ಅವನು ಮೊಣಕಾಲಿಗೆ ಕೈಯೂರಿದ.

"ಕೈಯಿಲ್ಲದೆ ಏಳು."

ಅವನು ಮುಂದಕ್ಕೆ ಬಾಗಿದ, ಹಿಂದಕ್ಕೆ ಬಾಗಿದ. ಏಳಲಾಗಲಿಲ್ಲ. ತಲೆಯ ಮೇಲೆ ಕೈಯಿಡು ಎಂದಳು. ಕೈಗಳು ಗಲ್ಲದವರೆಗೆ ಬಂದು ನಡುಗಿ ಇಳಿದವು. ಮುಖದಲ್ಲಿ ನಗು ತಂದುಕೊಳ್ಳಲು ಅವನು ನೋಡಿದ.

"ಕೂದಲು ಬಾಚೋದು ಬಿಟ್ಟಿದ್ದೀನಿ ಅಂತ ಬೈತಿದ್ದೆಯಲ್ಲ, ಅದಕ್ಕೇ."

"ಇನ್ನೇನು ಬಚ್ಚಿಟ್ಟಿದ್ದೀಯ? ಈಗಲೇ ಹೇಳು."

"ನುಂಗೋದು ಸ್ವಲ್ಪ ತಡ ಆಗ್ತಿದೆ. ನೀರು ಕುಡಿದ್ರೆ ಒಮ್ಮೊಮ್ಮೆ ಮೂಗಿಗೆ ಬರುತ್ತೆ."

ಭಾವ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಅವನು ನೆಲ ನೋಡಿದ, ಅವಳ ಮುಖ ನೋಡಿದ, ಮೂಲೆಯಲ್ಲಿದ್ದ ಪೊರಕೆ ತಂದು ಚೂರು ಗುಡಿಸತೊಡಗಿದ.

"ನಿಮಗೆ ಗೊತ್ತಿತ್ತಾ?"

ಅವನು ಹೊಸ್ತಿಲ ಸಂದಿಯ ಚೂರುಗಳನ್ನು ಗುಡಿಸಿದ.

"ಗೊತ್ತಿತ್ತಾ ಅಂದೆ, ರೀ."

"ಕೈ ಸ್ವಲ್ಪ ಸೋತಿತ್ತು. ನಾನು ಎಳ್ಕೊಂಡೆ. ಅದನ್ನೇನು ಡಂಗುರ ಸಾರ್ಲಾ?"

"ಯಾವಾಗಿಂದ?"

"ಮಾತ್ರೆ ಇಳಿಸಿದ್ರಲ್ಲ, ಅಲ್ಲಿಂದ."

ಅವಳು ವ್ಯಾನಿನ ಬೀಗದ ಕೈಯನ್ನು ಅವನ ಜೇಬಿನಿಂದ ತಾನೇ ತೆಗೆದುಕೊಂಡಳು.

ಆಸ್ಪತ್ರೆಯಲ್ಲಿ ಸ್ನಾಯುವಿನದೇ ಆದ ಇನ್ನೊಂದು ಕಿಣ್ವವನ್ನು ಅಳೆದರು. ಅದು ಇರಬೇಕಾದದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚಿತ್ತು. ತೊಡೆಯ ಸ್ಕ್ಯಾನ್‌ನಲ್ಲಿ ಕಪ್ಪಗಿರಬೇಕಾದ ಸ್ನಾಯುಗಳ ನಡುವೆ ಬೆಳ್ಳಗಿನ ಮಚ್ಚೆಗಳಿದ್ದವು, ಅಲ್ಲೆಲ್ಲ ಉರಿಯೂತ. ಒಂದು ಸಣ್ಣ ತುಂಡನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಡಾಕ್ಟರಮ್ಮ ಅಕ್ಕ ಮತ್ತು ಭಾವ ಇಬ್ಬರನ್ನೂ ಕೂರಿಸಿಕೊಂಡರು.

"ಸ್ನಾಯುವಿನ ಎಳೆಗಳ ಸುತ್ತ ರೋಗನಿರೋಧಕ ಕೋಶಗಳು ಮುತ್ತಿಕೊಂಡಿವೆ. ಕೆಲವು ಎಳೆಯ ಒಳಗೇ ಹೊಕ್ಕಿವೆ. ಕಸಿ ಆದವರಲ್ಲಿ ಚರ್ಮಕ್ಕೆ, ಬಾಯಿಗೆ ಹೀಗಾಗೋದು ಸಾಮಾನ್ಯ. ಸ್ನಾಯುವಿಗೆ ಅಪರೂಪ. ಮಾತ್ರೆ ಇಳಿಸುವಾಗಲೇ ಶುರುವಾಗೋದು ಹೆಚ್ಚು."

"ಆ ಕೋಶ ನನ್ನವೇ ಅಂತ ಹೇಗೆ ಗೊತ್ತು?" ಎಂದು ಅಕ್ಕ ಕೇಳಿದಳು.

"ಎಳೆಗಳು ಗಂಡಸಿನವು. ಮುತ್ತಿಕೊಂಡಿರೋ ಕೋಶಗಳು ಹೆಂಗಸಿನವು. ಅವರ ರಕ್ತದಲ್ಲೀಗ ನಿಮ್ಮ ಕೋಶ ಬಿಟ್ಟು ಬೇರೆ ಯಾರವೂ ಇಲ್ಲಮ್ಮ."

"ಅವನ್ನ ಪೂರ್ತಿ ಮಲಗಿಸಿಬಿಡಿ ಡಾಕ್ಟ್ರೇ," ಎಂದ ಭಾವ.

"ಪೂರ್ತಿ ಮಲಗಿಸಿದ್ರೆ ಹಳೇ ಕಾಯಿಲೆ ಮೇಲೆ ಕಣ್ಣಿಡೋರು ಯಾರು? ಅದನ್ನ ತಡೆದಿರೋದೂ ಇವೇ ಕೋಶಗಳು." ಅವರು ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಶುರುಮಾಡುವುದಾಗಿ, ಮಂಪರಿನ ಮಾತ್ರೆಯನ್ನು ಹಳೆಯ ಪ್ರಮಾಣಕ್ಕೆ ಏರಿಸುವುದಾಗಿ ಹೇಳಿದರು. "ತುಂಬಾ ಜನ ಇದರಲ್ಲೇ ಚೇತರಿಸ್ಕೋತಾರೆ. ನನಗೀಗ ಭಯ ಇರೋದು ಗಂಟಲು, ಕುತ್ತಿಗೆ, ಉಸಿರಿನ ಸ್ನಾಯು. ಅವು ಸೋತರೆ ಕಾಯೋಕೆ ಸಮಯ ಇರಲ್ಲ. ಕಳೆದ ಸಲವೇ ಗೊತ್ತಾಗಿದ್ರೆ..."

ಭಾವ ಎದ್ದು ಕಿಟಕಿಯ ಬಳಿ ಹೋಗಿ ನಿಂತ.

ತಮ್ಮನಿಗೆ ಸಿಕ್ಕಿದ್ದು ಹಿಂದಿನದೇ ವಾರ್ಡು. ಸ್ಟೀರಾಯ್ಡ್‌ನಿಂದ ಮುಖ ಊದಿಕೊಂಡಿತು, ನಿದ್ದೆ ಹೋಯಿತು, ಹಸಿವು ಮಿತಿಮೀರಿತು. ನುಂಗಲಾಗದವನಿಗೆ ಹಸಿವು. ಅರೆದು ತೆಳ್ಳಗೆ ಮಾಡಿದ ಊಟವನ್ನು ಅಕ್ಕ ಚಮಚದಲ್ಲಿ ಕೊಡುತ್ತಿದ್ದಳು, ಪ್ರತಿ ಗುಟುಕಿಗೂ ಅವನ ಗಂಟಲನ್ನೇ ನೋಡುತ್ತಿದ್ದಳು.

"ಹೀಗೆ ಗುರುಗುಟ್ಕೊಂಡು ನೋಡಿದ್ರೆ ಇಳಿಯೋದೂ ಇಳಿಯಲ್ಲ ಕಣೇ," ಎನ್ನುತ್ತಿದ್ದ. ಒಮ್ಮೆ ತನ್ನ ತೊಡೆಯನ್ನೇ ಹಿಸುಕಿಕೊಂಡು, "ಕೊಡುವಾಗಲೇ ಹೇಳಬಾರದಿತ್ತಾ, ನಿನ್ನ ಈ ಕೋಶಗಳಿಗೆ ಊಟ ಹಾಕಬೇಕು ಅಂತ," ಎಂದ. ಅಕ್ಕ ನಗಲಿಲ್ಲ. ಇತ್ತೀಚೆಗೆ ತನ್ನ ಕೈಗೆ ಆದ ಸಣ್ಣ ಗಾಯ ಬೇಗ ಮಾಯುವುದು ಕಂಡರೂ ಅವಳು ಆ ಕೈಯನ್ನು ಸೆರಗಿನಡಿಗೆ ಸರಿಸಿಕೊಳ್ಳುತ್ತಿದ್ದಳು. ಮಾಯಿಸುವವೂ ಅವೇ ಕೋಶಗಳು.

ದಿನವೂ ಎರಡು ಪರೀಕ್ಷೆ ನಡೆಯುತ್ತಿದ್ದವು. ಒಂದು, ಕೊಳವೆಯೊಳಗೆ ಬಲವಾಗಿ ಊದುವುದು. ಇನ್ನೊಂದು, ಮಲಗಿದಲ್ಲಿಂದ ತಲೆಯನ್ನಷ್ಟೇ ಮೇಲೆತ್ತಿ ಹಿಡಿಯುವುದು. ಕುತ್ತಿಗೆ ಸೋಲುತ್ತಿದ್ದರೆ ಉಸಿರು ಅದರ ಹಿಂದೆಯೇ ಇದೆ ಎಂದು ಡಾಕ್ಟರಮ್ಮ ಹೇಳಿದ್ದರು. ಊದುವುದರಲ್ಲಿ ತಮ್ಮ ಹಿಂದಿನ ದಿನಕ್ಕಿಂತ ಸ್ವಲ್ಪ ಕೆಳಗಿದ್ದ, ಅದರ ಹಿಂದಿನ ದಿನಕ್ಕಿಂತಲೂ ಸ್ವಲ್ಪ ಕೆಳಗಿದ್ದ. ಆದರೆ ತಲೆ ಎದ್ದಿತು. ಎರಡನೆಯ ದಿನವೂ ಎದ್ದಿತು.

"ಮನೆಗೆ ಕಳಿಸಿ ಡಾಕ್ಟ್ರೇ," ಎಂದು ಅವನು ಬೇಡಿದ. ಮಾತು ಮೂಗಿನಿಂದ ಬರುತ್ತಿತ್ತು. "ಮಾತ್ರೆ ಅಲ್ಲೂ ನುಂಗ್ತೀನಿ. ಇಲ್ಲಿದ್ರೆ ಇನ್ನೂ ಸೋತುಹೋಗ್ತೀನಿ."

ಡಾಕ್ಟರಮ್ಮ ಕೊಳವೆಯ ಅಂಕಿಯನ್ನು ಮತ್ತೊಮ್ಮೆ ನೋಡಿದರು. "ಇದು ಕಡಿಮೆ ಇದೆ. ಆದರೆ ಕೆಲವರಿಗೆ ತುಟಿ ಬಿಗಿಹಿಡಿಯೋಕೆ ಆಗದೆ ಗಾಳಿ ಸೋರುತ್ತೆ, ಅದಕ್ಕೂ ಹೀಗೆ ಬರಬಹುದು. ಕುತ್ತಿಗೆ ಗಟ್ಟಿಯಿದ್ರೆ ನಾಳೆ ಯೋಚನೆ ಮಾಡೋಣ. ಎಲ್ಲಿ, ತಲೆ ಎತ್ತಿ."

ಅವರು ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದರು. ಭಾವ ತಲೆದೆಸೆಯಲ್ಲಿ, ಗೋಡೆಯ ಕಡೆಗೆ. ಅಕ್ಕ ಆಗಷ್ಟೇ ಬಟ್ಟಲು ತೊಳೆದು ತಂದು ಭಾವನ ಹಿಂದೆ ಬಂದು ನಿಂತಳು. ತಮ್ಮನ ತಲೆ ನಿಧಾನವಾಗಿ ಮೇಲೆದ್ದಿತು. ತಲೆಯ ಜೊತೆಗೆ ದಿಂಬೂ ಎದ್ದಿತು.

ಭಾವನ ಬಲಗೈ ಮೊಣಕೈವರೆಗೆ ದಿಂಬಿನಡಿಯಲ್ಲಿತ್ತು. ಅವನ ಮುಖದಲ್ಲಿ ಏನೂ ಇರಲಿಲ್ಲ; ಎದುರಿನ ಗೋಡೆಯನ್ನು ನೋಡುತ್ತಿದ್ದ.

ತಮ್ಮನ ಕಣ್ಣು ಅಕ್ಕನ ಮೇಲೆ ಬಿತ್ತು. ಬೇಡ ಎಂಬುದು ಆ ಕಣ್ಣಿನಲ್ಲಿ ಸ್ಪಷ್ಟವಾಗಿತ್ತು.

"ಪರವಾಗಿಲ್ಲ, ಚೆನ್ನಾಗಿದೆ," ಎಂದರು ಡಾಕ್ಟರಮ್ಮ.

"ರೀ, ಕೈ ತೆಗೀರಿ," ಎಂದಳು ಅಕ್ಕ.

ಭಾವ ಅಲುಗಲಿಲ್ಲ. "ಏನು ಕೈ?" ಎಂದ.

"ದಿಂಬಿನಡಿಯಿಂದ ಕೈ ತೆಗೀರಿ. ಡಾಕ್ಟ್ರೇ, ಅದು ಇವನ ಕುತ್ತಿಗೆ ಅಲ್ಲ. ನಿನ್ನೆಯದೂ ಅಲ್ಲ ಅನ್ನಿಸುತ್ತೆ."

ಭಾವ ಕೈ ಎಳೆದುಕೊಂಡ. ದಿಂಬು ಹಾಸಿಗೆಗೆ ಇಳಿಯಿತು, ತಲೆ ಅದರೊಟ್ಟಿಗೆ ಇಳಿಯಿತು. ಡಾಕ್ಟರಮ್ಮ ಹತ್ತಿರ ಬಂದು ದಿಂಬನ್ನೇ ತೆಗೆದಿಟ್ಟರು. ಇನ್ನೊಮ್ಮೆ ಎಂದರು. ತಮ್ಮನ ಹಣೆಯ ನರ ಉಬ್ಬಿತು, ಗಲ್ಲ ನಡುಗಿತು, ಹಲ್ಲು ಕಚ್ಚಿಕೊಂಡ ಸದ್ದು ಕೇಳಿತು. ತಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಅವರು ಅವನ ಹೊಟ್ಟೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಉಸಿರನ್ನು ಗಮನಿಸಿದರು. ಆಮೇಲೆ ತಿರುಗಿ ನರ್ಸಿಗೆ, "ಒಳಗೆ ಒಂದು ಮಂಚ ಸಿದ್ಧ ಮಾಡಿಸಿ, ಈಗಲೇ," ಎಂದರು.

"ಮನೆಗೆ ಅಂದ್ರಲ್ಲ," ಎಂದ ತಮ್ಮ. ನರ್ಸು ಆಗಲೇ ಹೊರಟಿದ್ದಳು. ಅವನು ಅಕ್ಕನ ಕಡೆ ನೋಡಿದ.

"ಒಳಗೂ ನೀನೇ, ಹೊರಗೂ ನೀನೇ," ಎಂದ. "ಎಲ್ಲಿಗೇ ಹೋಗ್ಲಿ ನಾನು?"

ಮಂಚದ ಗಾಲಿಗಳ ತಡೆ ಬಿಡಿಸಿದರು. ಭಾವ ಎರಡು ಹೆಜ್ಜೆ ಜೊತೆಗೆ ನಡೆದು ನಿಂತುಬಿಟ್ಟ. ಅಕ್ಕ ಎರಡು ಕದದ ಬಾಗಿಲಿನವರೆಗೂ ಹೋದಳು. ಡಾಕ್ಟರಮ್ಮ ಅಲ್ಲಿ ಅವಳನ್ನು ತಡೆದು ಹೇಳಿದರು: ಮೊದಲು ಮುಖವಾಡ ಹಾಕಿ ಗಾಳಿ ಕೊಡುತ್ತೇವೆ, ಸಾಲದಿದ್ದರೆ ಗಂಟಲಿಗೆ ಕೊಳವೆ. ಇಂದಿನಿಂದಲೇ ಇನ್ನೂ ಬಲವಾದ ಔಷಧಿ, ಕೋಶಗಳನ್ನು ಇನ್ನಷ್ಟು ಅಡಗಿಸಲು. ಮನೆಗೆ ಹೋಗಿ ಮಲಗಿದ್ದಿದ್ದರೆ ನಿದ್ದೆಯಲ್ಲೇ ಉಸಿರು ನಿಲ್ಲುವ ಸಾಧ್ಯತೆಯಿತ್ತು.

"ಹಳೇ ಕಾಯಿಲೆ ಮತ್ತೆ ಬಂದ್ರೆ?"

"ರಕ್ತ ನೋಡ್ತಾನೇ ಇರ್ತೀವಿ," ಎಂದು ಅವರು ಒಳಗೆ ಹೋದರು.

ಕದ ಪೂರ್ತಿ ಮುಚ್ಚಿರಲಿಲ್ಲ. ನರ್ಸು ಮುಖವಾಡದ ಪಟ್ಟಿಗಳನ್ನು ತಲೆಯ ಹಿಂದಕ್ಕೆ ಎಳೆದು ಬಿಗಿಯುತ್ತಿದ್ದಳು. ಯಂತ್ರ ಒಮ್ಮೆ ಶಿಳ್ಳೆ ಹಾಕಿ ಹದಕ್ಕೆ ಬಂತು. ಪಟ್ಟಿಗಳ ನಡುವಿನಿಂದ ತಮ್ಮನಿಗೆ ಅಕ್ಕ ಕಂಡಳು. ಅವನು ಮುಖ ತಿರುಗಿಸಲು ನೋಡಿದ, ಆಗಲಿಲ್ಲ. ಕಣ್ಣು ಮುಚ್ಚಿಕೊಂಡ. ಅವನ ಎದೆ ಯಂತ್ರದ ಗಾಳಿಗೆ ಏರಿತು, ಇಳಿಯಿತು, ಮತ್ತೆ ಏರಿತು. ಪ್ರತಿ ಸಲವೂ ಅದು ಮುಂದಿನ ಬಾರಿ ಏರುವವರೆಗೆ ಅಕ್ಕ ಕದಲದೆ ನಿಂತಿದ್ದಳು.